ಒಂದು ರಕ್ತಪರೀಕ್ಷೆಯಲ್ಲಿ ಕಾಣದಿದ್ದರೆ ಮಲೇರಿಯಾ ಇಲ್ಲವೆಂದೇ ಅರ್ಥವೇ?

‘ರಿಪೋರ್ಟ್ ನೆಗೆಟಿವ್ ಬಂತು, ಇನ್ನು ಮಲೇರಿಯಾ ಭಯವಿಲ್ಲ’ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಆದರೆ ಅತಿ ಅಪಾಯಕಾರಿ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಪರಾವಲಂಬಿಗೆ ಅಡಗಿ ಕೂರುವುದು ಗೊತ್ತು.

ಹೇಗೆ ಅಡಗುತ್ತದೆ?
ಇದು ನಮ್ಮ ಕೆಂಪು ರಕ್ತಕಣದೊಳಗೆ, ಪೊರೆಯ ಚೀಲವೊಂದರಲ್ಲಿ ಬೆಳೆಯುತ್ತದೆ. ಕೆಂಪು ರಕ್ತಕಣಕ್ಕೆ ಹೊಸ ಪ್ರೋಟೀನ್ ತಯಾರಿಸಲು ಬರುವುದಿಲ್ಲ. ಹಾಗಾಗಿ ಪರಾವಲಂಬಿಯೇ ನೂರಾರು ಬಗೆಯ ಪ್ರೋಟೀನ್ ತಯಾರಿಸಿ ಚೀಲದಿಂದಾಚೆಗೆ ಕಳಿಸುತ್ತದೆ. ಇವುಗಳಲ್ಲಿ ಅನೇಕಕ್ಕೆ ‘ಪೆಕ್ಸೆಲ್’ ಎಂಬ ವಿಳಾಸದ ಗುರುತಿರುತ್ತದೆ. ಇದು ಪತ್ತೆಯಾದದ್ದು 2004ರಲ್ಲಿ. ಚೀಲದ ಪೊರೆಯಲ್ಲಿರುವ ‘ಪಿಟೆಕ್ಸ್’ ಎಂಬ ಬಾಗಿಲನ್ನು 2009ರಲ್ಲಿ ಗುರುತಿಸಲಾಯಿತು. ಸುತ್ತಿಕೊಂಡಿರುವ ಪ್ರೋಟೀನನ್ನು ಈ ಬಾಗಿಲು ದಾರದಂತೆ ಬಿಡಿಸಿ ಆಚೆ ದಾಟಿಸುತ್ತದೆ.

ಹೀಗೆ ಹೊರಬಂದ ಕೆಲವು ಪ್ರೋಟೀನ್‌ಗಳಿಂದ ರಕ್ತಕಣದ ಮೇಲೆ ಪುಟ್ಟ ಗುಬುಟುಗಳು ಏಳುತ್ತವೆ. ಅಲ್ಲಿ ನಿಲ್ಲುವ ‘ಪಿಎಫ್‌ಇಎಂಪಿ1’ ಎಂಬ ಪ್ರೋಟೀನ್, ರಕ್ತಕಣವನ್ನು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಸುತ್ತದೆ. ಅಂಟಿಕೊಂಡ ಕಣ, ರಕ್ತ ಸೋಸುವ ಗುಲ್ಮದ ಕೈಗೆ ಸಿಗುವುದಿಲ್ಲ.

ಅಪಾಯವೇನು?
ಮೆದುಳಿನ ಸಣ್ಣ ನಾಳಗಳಲ್ಲಿ ಇಂಥ ಕಣಗಳು ತುಂಬಿಕೊಂಡರೆ ಪ್ರಾಣಕ್ಕೇ ಸಂಚಕಾರ. ಬೆಳೆದ ಪರಾವಲಂಬಿಗಳು ಹೀಗೆ ಒಳಗೆ ಅಂಟಿಕೊಂಡಿರುವಾಗ, ಬೆರಳಿನಿಂದ ತೆಗೆದು ಗಾಜಿನ ಮೇಲೆ ಸವರಿದ ರಕ್ತದಲ್ಲಿ ಕೆಲವೇ ಕಾಣಬಹುದು, ಕಾಣದೆಯೂ ಇರಬಹುದು.

ನೆನಪಿಡಿ: ಮಲೇರಿಯಾದ ಶಂಕೆಯಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆ ಪರೀಕ್ಷಿಸುವುದು ರೂಢಿ. ಜ್ವರ ಬಿಡದಿದ್ದರೆ ಒಂದು ರಿಪೋರ್ಟ್ ನಂಬಿ ಕೂರಬೇಡಿ, ವೈದ್ಯರಲ್ಲಿಗೆ ಮತ್ತೆ ಹೋಗಿ.