ಪ್ರಾಣಿ ಪಳಗಿಸುವ ವಿದ್ಯೆ: ವಿಜಯಪುರ ಸೀಮೆ ಮತ್ತು ಚಿತ್ರಕಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುನಾಡು ಪಳಗಿದ ಪ್ರಾಣಿಗಳನ್ನು ಅರಮನೆಯಲ್ಲೂ ಕಂಡಿದೆ, ಓಣಿಯಲ್ಲೂ ಕಂಡಿದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ನೆಲದ ಹೆಚ್ಚಿನ ಭಾಗ ತರ್ದವಾಡಿ ಸಾವಿರ ನಾಡಿಗೆ ಸೇರಿತ್ತು. ಆ ವಂಶದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಆನೆ-ಕುದುರೆಗಳ ಪ್ರದರ್ಶನ, ಟಗರು, ಕೋಣ, ಕೋಳಿಗಳ ಕಾಳಗ, ಬೇಟೆನಾಯಿ, ಡೇಗೆ ಇವೆಲ್ಲವನ್ನೂ ರಾಜವಿನೋದಗಳೆಂದು ಬಿಡಿಬಿಡಿಯಾಗಿ ವಿವರಿಸುತ್ತದೆ.

ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇದೇ ವಿನೋದ ಕುಂಚಕ್ಕೆ ಸಿಕ್ಕಿತು. ಎರಡನೆಯ ಇಬ್ರಾಹಿಂ (ಆಳ್ವಿಕೆ 1580–1627) ಮುಂಗೈ ಮೇಲೆ ಡೇಗೆ ಹೊತ್ತು ಕುದುರೆಯೇರಿದ ಚಿತ್ರ ಇಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ತನ್ನ ಅಚ್ಚುಮೆಚ್ಚಿನ ಆನೆ ಆತಶ್ ಖಾನನ ಮೇಲೆ ಅವನು ಕುಳಿತ ಚಿತ್ರವೂ ಉಂಟು. ‘ಕಿತಾಬ್-ಎ-ನವರಸ್’ನ ತನ್ನ ಹಾಡುಗಳಲ್ಲಿ ಸುಲ್ತಾನ ಈ ಆನೆಯನ್ನು ಹೆಸರು ಹಿಡಿದು ನೆನೆದಿದ್ದಾನೆ. ಇಲ್ಲಿ ಪ್ರಾಣಿ ಬರಿಯ ಅಲಂಕಾರವಲ್ಲ, ಆಸ್ಥಾನಿಕರಲ್ಲೊಬ್ಬ.

ಯುರೋಪಿನ ಪ್ರಾಚ್ಯವಾದಿ ಚಿತ್ರಗಳ ಹಾದಿ ಬೇರೆ. ಫ್ರೆಂಚ್ ಚಿತ್ರಕಾರ ಜೆರೋಮ್‌ನ ‘ಹಾವಾಡಿಗ’ (ಸುಮಾರು 1879) ಇಸ್ತಾಂಬುಲ್ ಮಾದರಿಯ ನೀಲಿ ಹೆಂಚಿನ ಗೋಡೆಯ ಮುಂದೆ ಬೆತ್ತಲೆ ಹುಡುಗನ ಮೈಗೆ ಹಾವು ಸುತ್ತಿಸುತ್ತದೆ. ಎಡ್ವರ್ಡ್ ಸೈದ್‌ರ ‘ಓರಿಯೆಂಟಲಿಸಂ’ (1978) ಪುಸ್ತಕದ ಮುಖಪುಟಕ್ಕೆ ಬಂದದ್ದು ಇದೇ ಚಿತ್ರ. ನೋಟಕ್ಕೆ ನಿಖರ, ಆದರೆ ಊರಿಲ್ಲದ, ಹೆಸರಿಲ್ಲದ ಜನ. ಅದಕ್ಕಿಂತ ಒಂದು ಶತಮಾನ ಹಿಂದಿನ, ಇಂಗ್ಲಿಷ್ ಚಿತ್ರಕಾರ ಜಾರ್ಜ್ ಸ್ಟಬ್ಸ್‌ನ ಸಿವಂಗಿ ಚಿತ್ರ ಹೆಚ್ಚು ಪ್ರಾಮಾಣಿಕ. ಮದ್ರಾಸಿನ ಗವರ್ನರ್ ಪಿಗಟ್ ಮೂರನೆಯ ಜಾರ್ಜ್ ದೊರೆಗೆ ಕೊಟ್ಟ ಬೇಟೆಸಿವಂಗಿಯನ್ನೂ ಅದರ ಇಬ್ಬರು ಭಾರತೀಯ ಪಾಲಕರನ್ನೂ ಅದು ತೋರಿಸುತ್ತದೆ. ವಿಂಡ್ಸರ್‌ನಲ್ಲಿ ಏರ್ಪಡಿಸಿದ ಬೇಟೆಯಲ್ಲಿ ಸಾರಂಗಕ್ಕೆ ಬೆದರಿ ಸಿವಂಗಿಯೇ ಓಡಿತು. ಆ ಫಜೀತಿ ಮಾತ್ರ ಚಿತ್ರದಲ್ಲಿಲ್ಲ.

ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಪ್ರಾಣಿ ಪಳಗಿಸುವ ಈ ವಿದ್ಯೆ ಹೊಟ್ಟೆಪಾಡು. ಕೋಲೆಬಸವ ಎಂದರೆ ಸಿಂಗರಿಸಿ ಆಡಿಸುವ ಎತ್ತು: ಅದರ ಮೈಗೆ ಜೂಲು, ಕೊರಳಿಗೆ ಕವಡೆಸರ, ಕಾಲಿಗೆ ಗೆಜ್ಜೆ. ಡೋಲಿನ ಪೆಟ್ಟಿಗೂ ಒಡೆಯನ ದನಿಗೂ ಅದು ತಲೆಯಾಡಿಸುತ್ತದೆ, ಮಂಡಿಯೂರುತ್ತದೆ, ಮಲಗಿದವನ ಎದೆಯ ಮೇಲೆ ಗೊರಸನ್ನು ಹಗುರಾಗಿ ಇಡುತ್ತದೆ. ಕರುವಾಗಿದ್ದಾಗಿನಿಂದ ಹಗಲಿರುಳು ಜೊತೆಗಿದ್ದರಷ್ಟೇ ಈ ಪಾಠ ಕೂಡಿಬರುತ್ತದೆ. ಬಸವಣ್ಣನವರ ಬಾಗೇವಾಡಿಯ ಸುತ್ತ ಎತ್ತೆಂದರೆ ಪೂಜೆಯೂ ಹೌದು, ಹಾಗಾಗಿ ಮನೆಯವರು ಮೊರದಲ್ಲಿ ಜೋಳ ತಂದು ನೀಡುವಾಗ ಭಿಕ್ಷೆಯೆಂದು ಎಣಿಸುವುದಿಲ್ಲ. ಕರಡಿ ಕುಣಿಸುವ ಕಲಂದರರದು ಕಠೋರ ಕಥೆ: ಮೂಗು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು.

1972ರ ವನ್ಯಜೀವಿ ಕಾಯ್ದೆಯೂ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ತಡೆದ 1998ರ ಅಧಿಸೂಚನೆಯೂ ಈ ಕಸುಬುಗಳನ್ನು ಕುಗ್ಗಿಸಿದವು. 2011ರಲ್ಲಿ ಆ ಪಟ್ಟಿಗೆ ಹೋರಿಯೂ ಸೇರಿತು. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿತು.