ಕಮಾನು, ಕಟ್ಟೆ ಮತ್ತು ಕಾಲ

ನಮ್ಮ ಶಾಲೆಯ ಹಳೆಯ ಮರದ ಬೆಂಚುಗಳು ಗೆಳೆಯರಿಗೆ ನೆನಪಿರಬೇಕು. ಹೊಸತರಲ್ಲಿ ಕುಳಿತರೆ ಬಾಗಿ, ಎದ್ದರೆ ನೆಟ್ಟಗಾಗುತ್ತಿದ್ದ ಹಲಗೆ ಹತ್ತಾರು ತಂಡಗಳನ್ನು ಹೊತ್ತ ಮೇಲೆ ನಡುವೆ ತಗ್ಗಿ ಹಾಗೆಯೇ ಉಳಿಯಿತು. ಘನವಸ್ತು ಹೊರೆಗೆ ಒಡನೆ ಬಾಗುವುದು ಒಂದು ಬಗೆ. ಅದೇ ಹೊರೆಗೆ ವರ್ಷಗಟ್ಟಲೆ ಮೆಲ್ಲನೆ ಸೋಲುವುದು ಇನ್ನೊಂದು ಬಗೆ. ಎರಡನ್ನೂ ನಮ್ಮ ಸೀಮೆಯ ಕಟ್ಟಡಗಳಲ್ಲೇ ನೋಡಬಹುದಿತ್ತು.

ಟಿಪ್ಪು ಮಡಿದು ಹತ್ತು ವರ್ಷವಾಗುವ ಮೊದಲೇ, ಸುಮಾರು 1808ರಲ್ಲಿ, ಮದ್ರಾಸ್ ಸೈನ್ಯದ ಎಂಜಿನಿಯರ್ ಡಿ ಹ್ಯಾವಿಲೆಂಡ್ ಶ್ರೀರಂಗಪಟ್ಟಣದಲ್ಲಿದ್ದ. ಕಾವೇರಿಗೆ ಇಟ್ಟಿಗೆಯ ಐದೇ ಕಮಾನುಗಳ ಸೇತುವೆ ಸಾಕು, ಒಂದೊಂದೂ ಸುಮಾರು 110 ಅಡಿ ಅಗಲಕ್ಕೆ ಹಾಯಬಲ್ಲದು ಎಂಬುದು ಅವನ ವಾದ. ಮೇಲಿನವರು ನಂಬಲಿಲ್ಲ. ತನ್ನ ತೋಟದಲ್ಲೇ ಅಂಥದೊಂದು ಕಮಾನನ್ನು ಕಟ್ಟಿ ತೋರಿಸಿದ! ಮೇಲೆ ನಿಂತು ಕುಣಿದರೆ ಅದು ತೂಗುತ್ತಿತ್ತು. ನೋಡಲು ಬಂದವರಿಗೆಲ್ಲ ಅದೇ ಸೋಜಿಗ. ನೂರು ವರ್ಷಕ್ಕೂ ಮೀರಿ ನಿಂತು 1930ರ ದಶಕದಲ್ಲಿ ಕುಸಿಯಿತು. ತೂಗಾಟ ಕಣ್ಣಿಗೆ ಕಾಣುತ್ತಿತ್ತು, ಗಾರೆಯ ನಿಧಾನದ ಸೋಲು ಕಾಣುತ್ತಿರಲಿಲ್ಲ. ಅದನ್ನು ಲೆಕ್ಕಹಾಕುವ ಗಣಿತವೂ ಆಗ ಇರಲಿಲ್ಲ.

ಆ ಗಣಿತ ಹುಟ್ಟಿದ್ದು ರೇಷ್ಮೆಯಿಂದ. 1835ರಲ್ಲಿ ಜರ್ಮನಿಯ ವೆಬರ್, ತೂಕ ಕಟ್ಟಿದ ರೇಷ್ಮೆ ಎಳೆ ಒಮ್ಮೆ ಉದ್ದವಾಗಿ, ಆಮೇಲೂ ಮೆಲ್ಲಗೆ ಹಿಗ್ಗುತ್ತಲೇ ಇರುವುದನ್ನು ಕಂಡ. ತೂಕ ತೆಗೆದರೂ ಅಷ್ಟೇ ನಿಧಾನವಾಗಿ ಹಿಂದಿರುಗುತ್ತಿತ್ತು. (ಟಿಪ್ಪು ನಮ್ಮಲ್ಲಿಗೆ ರೇಷ್ಮೆ ಸಾಕಣೆ ತಂದು ಆಗ ಅರ್ಧ ಶತಮಾನ.) 1874ರಲ್ಲಿ ಬೋಲ್ಟ್ಸ್‌ಮನ್, ವಸ್ತು ಹಿಂದೆ ಹೊತ್ತ ಒಂದೊಂದು ಹೊರೆಯ ಪರಿಣಾಮವನ್ನೂ ಕೂಡುತ್ತಾ ಹೋಗುವ ಸೂತ್ರ ಕೊಟ್ಟ. ಹೊರೆ ಇಮ್ಮಡಿಯಾದರೆ ಬಾಗೂ ಇಮ್ಮಡಿ ಎಂಬುದು ಅದರ ನಂಬಿಕೆ. ಸಣ್ಣ ಹೊರೆಗೆ ಇದು ಸರಿ. ಕಾಂಕ್ರೀಟಿನ ಮೇಲೆ ಅದರ ಬಲದ ಅರ್ಧದಷ್ಟು ಒತ್ತಡ ಬಿದ್ದರೆ ಲೆಕ್ಕ ತಪ್ಪುತ್ತದೆ. ಹೊರೆಗಿಂತ ಬಾಗು ಬೇಗ ಬೆಳೆಯುತ್ತದೆ. ಇಂಥ ವಸ್ತುಗಳಿಗೆ ಒಪ್ಪುವ ಸಮೀಕರಣವನ್ನು ಗ್ರೀನ್ ಮತ್ತು ರಿವ್ಲಿನ್ 1957ರಲ್ಲಿ ಬರೆದರು.

ಅಷ್ಟರಲ್ಲಿ ಕನ್ನಂಬಾಡಿ ಕಟ್ಟೆ ಎದ್ದು ಕಾಲು ಶತಮಾನವೇ ಆಗಿತ್ತು. 1911ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಶುರುವಾದ ಆ ಗೋಡೆಯಲ್ಲಿ ಕಲ್ಲಿಗೆ ಕಲ್ಲನ್ನು ಕೂಡಿಸಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣ. ಸುರ್ಕಿ ನಿಧಾನವಾಗಿ ಗಟ್ಟಿಯಾಗುತ್ತದೆ; ಕಲ್ಲುಗಳು ಕೂರುವಾಗ ತಾನೂ ಅಷ್ಟಿಷ್ಟು ಒಗ್ಗಿಕೊಂಡು ಬಿರುಕನ್ನು ತಪ್ಪಿಸುತ್ತದೆ. ನಮ್ಮ ಗಾರೆಯವರಿಗೆ ಸಮೀಕರಣ ಗೊತ್ತಿರಲಿಲ್ಲ, ಗುಣ ಗೊತ್ತಿತ್ತು.

ಮಳೆ ಚೆನ್ನಾದ ವರ್ಷ ನೀರು 124.80 ಅಡಿ ಮುಟ್ಟಿ, ಹಿನ್ನೀರು ಕೆ.ಆರ್.ಪೇಟೆಯ ಕಲ್ಲಹಳ್ಳಿಯವರೆಗೆ ಹರಡುತ್ತದೆ, ಬೇಸಿಗೆಗೆ ಇಳಿಯುತ್ತದೆ. ಗೋಡೆ ಪ್ರತಿ ಸಲವೂ ತಿಂಗಳುಗಟ್ಟಲೆ ಆ ಒತ್ತಡ ಹೊರುತ್ತದೆ. ಪಾಂಡವಪುರದ ಬೇಬಿ ಬೆಟ್ಟದ ಗಣಿ ಸ್ಫೋಟದ ವಿಚಾರ ಬಂದಾಗ ಜನ ಆತಂಕಗೊಂಡದ್ದು ಸುಮ್ಮನೆ ಅಲ್ಲ. ನಿಧಾನದ ಒತ್ತಡಕ್ಕೆ ಮಣಿಯುವ ವಸ್ತು ಥಟ್ಟನೆ ಬೀಳುವ ಏಟಿಗೆ ಬೇರೆಯೇ ರೀತಿ ವರ್ತಿಸುತ್ತದೆ. ಅದಕ್ಕೆ ಹೊಂದಿಕೊಳ್ಳುವಷ್ಟು ಸಮಯವೇ ಸಿಗುವುದಿಲ್ಲ.