ಹೃದಯ ಚಿಕಿತ್ಸೆಯ ಎರಡು ಚರಿತ್ರೆಗಳು

ಆಂಜಿಯೋಗ್ರಾಂ, ಸ್ಟೆಂಟ್, ಬೈಪಾಸ್ ಎಂಬ ಪದಗಳು ಇಂದು ಮದುವೆ ಮನೆಯ ಮಾತುಕತೆಯಲ್ಲೂ ಕೇಳಿಬರುತ್ತವೆ. ಯಾರಿಗೆ ಎಷ್ಟು ಬ್ಲಾಕ್ ಇತ್ತು, ಎಲ್ಲಿ ಚಿಕಿತ್ಸೆಯಾಯಿತು, ಎಷ್ಟು ಖರ್ಚು ಬಿತ್ತು ಎಂದೆಲ್ಲ ನಾವು ವಿಚಾರಿಸುತ್ತೇವೆ. ಆದರೆ ಆ ರಕ್ತನಾಳ ಕಟ್ಟಿಕೊಂಡದ್ದಾದರೂ ಏಕೆ ಎಂದು ಅಷ್ಟೇ ಆಸಕ್ತಿಯಿಂದ ಕೇಳುವವರು ಕಡಿಮೆ. ವೈದ್ಯಶಾಸ್ತ್ರದ ಇತಿಹಾಸದಲ್ಲೂ ಈ ಎರಡು ಪ್ರಶ್ನೆಗಳು ಎರಡು ದಾರಿಗಳಲ್ಲಿ ಸಾಗಿ ಬಂದಿವೆ. ಒಂದು ಕೆಟ್ಟುಹೋದ ಹೃದಯವನ್ನು ದುರಸ್ತಿ ಮಾಡುವ ದಾರಿ. ಇನ್ನೊಂದು ಅದು ಕೆಡದಂತೆ ನೋಡಿಕೊಳ್ಳುವ ದಾರಿ. ಮೊದಲನೆಯದು ನಮಗೆಲ್ಲ ಗೊತ್ತು. ಎರಡನೆಯದರ ಕಥೆ ಹೆಚ್ಚಿನವರಿಗೆ ತಿಳಿದಿಲ್ಲ.

ಹೃದಯದ ಬಲಭಾಗದ ರಕ್ತ ನಡುವಿನ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಎಡಭಾಗಕ್ಕೆ ಸೇರುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲನ್ ಹೇಳಿದ್ದ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಅದನ್ನೇ ನಂಬಿತ್ತು. 13ನೇ ಶತಮಾನದಲ್ಲಿ ಕೈರೋದಲ್ಲಿದ್ದ ವೈದ್ಯ ಇಬ್ನುನ್ನಫೀಸ್, ಆ ಗೋಡೆಯಲ್ಲಿ ರಂಧ್ರಗಳೇ ಇಲ್ಲ, ರಕ್ತ ಶ್ವಾಸಕೋಶವನ್ನು ಹಾದು ಎಡಭಾಗಕ್ಕೆ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಹೃದಯಕ್ಕೆ ಪೋಷಣೆ ಸಿಗುವುದು ಅದರ ಒಳಗೆ ತುಂಬಿರುವ ರಕ್ತದಿಂದಲ್ಲ, ಅದರ ಮೈಯಲ್ಲೇ ಹರಡಿರುವ ನಾಳಗಳಿಂದ ಎಂದೂ ಹೇಳಿದರು. ಇಂದು ಬ್ಲಾಕ್ ಆಗುವುದು ಇದೇ ನಾಳಗಳು. 1288ರಲ್ಲಿ ತೀರಿಕೊಂಡ ಅವರ ಈ ಬರಹ ಶತಮಾನಗಳ ಕಾಲ ಮರೆಯಲ್ಲಿತ್ತು. 1924ರಲ್ಲಿ ಈಜಿಪ್ಟಿನ ವೈದ್ಯ ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯಲ್ಲಿ ಅದನ್ನು ಗುರುತಿಸಿದರು. ಅಷ್ಟರಲ್ಲಿ, 1628ರಲ್ಲೇ, ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಪರಿಚಲನೆಯನ್ನು ಪೂರ್ಣವಾಗಿ ವಿವರಿಸಿಯಾಗಿತ್ತು.

ಅದೇ ಹಳೆಯ ವೈದ್ಯ ಪರಂಪರೆ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಿತ್ತು. ಗಾಳಿ, ಅನ್ನಪಾನ, ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ, ಮನಸ್ಸಿನ ಸ್ಥಿತಿ. ಯುನಾನಿ ವೈದ್ಯರು ಇದನ್ನು ಇಂದಿಗೂ ಕಲಿಯುತ್ತಾರೆ. ಆಯುರ್ವೇದದ ದಿನಚರ್ಯೆಯಲ್ಲೂ ಇಂಥದೇ ವಿವೇಕವಿದೆ. ಆದರೆ ಇದೆಲ್ಲ ಅನುಭವದ ಮಾತು. ಯಾವ ಅಭ್ಯಾಸದಿಂದ ಎಷ್ಟು ಅಪಾಯ ಎಂದು ಎಣಿಸಿ ನೋಡುವ ಕೆಲಸ ನಡೆದದ್ದು 20ನೇ ಶತಮಾನದಲ್ಲಿ.

ಮೊದಲು ದುರಸ್ತಿಯ ಕಥೆಯನ್ನು ನೋಡೋಣ. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡ. ಅಂದು ಹುಚ್ಚಾಟವೆನಿಸಿದ ಆ ಸಾಹಸಕ್ಕೆ 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ದಾರಿ ಕಂಡುಕೊಂಡರು. 1967ರಲ್ಲಿ ಅರ್ಜೆಂಟೀನಾ ಮೂಲದ ರೆನೆ ಫವಲೋರೊ ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ಬೈಪಾಸ್ ವಿಧಾನವನ್ನು ರೂಢಿಗೆ ತಂದರು. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎದೆ ತೆರೆಯದೆಯೇ ಬಲೂನಿನಿಂದ ನಾಳವನ್ನು ಹಿಗ್ಗಿಸಿದರು. 1986ರಲ್ಲಿ ಮನುಷ್ಯರ ಹೃದಯನಾಳಕ್ಕೆ ಮೊದಲ ಬಾರಿ ಸ್ಟೆಂಟ್ ಹಾಕಲಾಯಿತು. ಐವತ್ತೇಳು ವರ್ಷಗಳಲ್ಲಿ ಇಷ್ಟು ದೂರ ಸಾಗಿದ್ದು ಸಣ್ಣ ಸಾಧನೆಯಲ್ಲ.

ಇನ್ನೊಂದು ಕಥೆ ಶುರುವಾಗುವುದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ. ಡ್ರೈವರ್ ಮತ್ತು ಕಂಡಕ್ಟರ್ ಒಂದೇ ಸಂಸ್ಥೆಯವರು, ಹೆಚ್ಚುಕಡಿಮೆ ಒಂದೇ ಸಾಮಾಜಿಕ ಹಿನ್ನೆಲೆಯವರು. ಡ್ರೈವರ್ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡ್ರೈವರ್‌ಗಳಿಗೆ ಹೋಲಿಸಿದರೆ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ. ಹೃದಯಾಘಾತದಿಂದ ತಕ್ಷಣವೇ ಸಾಯುವವರಂತೂ ಇನ್ನೂ ಕಡಿಮೆ. ದಪ್ಪಗಿರುವವರೇ ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ಲವೇ ಎಂಬ ಸಂಶಯ ಎದ್ದಿತು. ಮಾರಿಸ್ ಸಿಬ್ಬಂದಿಯ ಸಮವಸ್ತ್ರದ ಅಳತೆಗಳನ್ನೇ ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟದ ಸುತ್ತಳತೆ ಹೆಚ್ಚಿದ್ದದ್ದು ನಿಜ. ಆದರೆ ಒಂದೇ ಅಳತೆಯವರನ್ನು ಹೋಲಿಸಿದಾಗಲೂ ಕಂಡಕ್ಟರ್‌ಗಳೇ ಸುರಕ್ಷಿತರಾಗಿದ್ದರು. ಮಾರಿಸ್ ಸ್ವತಃ 99 ವರ್ಷ ಬದುಕಿ 2009ರಲ್ಲಿ ನಿಧನರಾದರು.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ಮೆದುಳಿನ ರಕ್ತಸ್ರಾವದಿಂದ ಸತ್ತಾಗ ಅವರ ರಕ್ತದೊತ್ತಡ 300/190 ಇತ್ತು. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ ಎಂದು ನಂಬುವ ವೈದ್ಯರು ಆಗ ಬಹಳ ಮಂದಿ ಇದ್ದರು. 1948ರಲ್ಲಿ ಅಲ್ಲಿನ ಫ್ರಾಮಿಂಗ್‌ಹ್ಯಾಮ್ ಎಂಬ ಸಣ್ಣ ಪಟ್ಟಣದ 5,209 ಮಂದಿಯನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಹೋಗುವ ಅಧ್ಯಯನ ಆರಂಭವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದ್ರೋಗದ ಮುನ್ಸೂಚಕಗಳೆಂದು ಲೋಕಕ್ಕೆ ಖಚಿತಪಡಿಸಿದ ಅಧ್ಯಯನಗಳಲ್ಲಿ ಇದು ಮುಖ್ಯವಾದುದು.

ಹಾಗಾದರೆ ಬದುಕಿನ ಕ್ರಮವನ್ನು ಬದಲಿಸಿದರೆ ಸಾವು ಕಡಿಮೆಯಾಗುತ್ತದೆಯೇ? ಇದಕ್ಕೆ ಉತ್ತರ ಫಿನ್‌ಲ್ಯಾಂಡಿನ ನಾರ್ತ್ ಕರೇಲಿಯಾ ಪ್ರಾಂತದಿಂದ ಬಂತು. ಬೆಣ್ಣೆ, ಉಪ್ಪು, ಸಿಗರೇಟು ಯಥೇಚ್ಛವಾಗಿದ್ದ ಆ ಊರಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಸಾಮಾನ್ಯವಾಗಿತ್ತು. ಜನರೇ ಸರಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಯೋಜನೆ ಆರಂಭವಾಯಿತು. ಗೃಹಿಣಿಯರ ಸಂಘಗಳು ಊರೂರಿನಲ್ಲಿ ಕಡಿಮೆ ಕೊಬ್ಬಿನ ಅಡುಗೆ ಕಲಿಸಿದವು. ಆಹಾರ ತಯಾರಕರು ಉಪ್ಪು, ಕೊಬ್ಬು ಕಡಿಮೆ ಮಾಡಿದರು. ಹೈನುಗಾರಿಕೆ ನಂಬಿದ್ದ ರೈತರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವಾಯಿತು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವಿನ ಪ್ರಮಾಣ ಶೇ. 80ಕ್ಕಿಂತಲೂ ಹೆಚ್ಚು ಇಳಿಯಿತು. ಚಿಕಿತ್ಸೆಯ ಸುಧಾರಣೆಯೂ ಇದರಲ್ಲಿ ಸೇರಿದೆ. ಆದರೆ ದೊಡ್ಡ ಪಾಲು ಅಡುಗೆಮನೆಯದು, ಅಂಗಡಿಯದು.

ಅದು ಅವರ ಕಥೆ, ನಮ್ಮದೇ ಬೇರೆ ಎನ್ನುವಂತಿಲ್ಲ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವೈದ್ಯಕೀಯ ಕಲಿತ ಸಲೀಂ ಯೂಸುಫ್ ಅವರ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾಯಿತು. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯದ ಅಭ್ಯಾಸ ಈ ಒಂಬತ್ತು ಅಂಶಗಳೇ ಹೃದಯಾಘಾತದ ಅಪಾಯದ ಸುಮಾರು ಶೇ. 90 ಪಾಲನ್ನು ವಿವರಿಸುತ್ತವೆ ಎಂದು ಅದು ಕಂಡುಕೊಂಡಿತು. ಇನ್ನೊಂದು ಮಾತು ನಮಗೆ ಹೆಚ್ಚು ಸಂಬಂಧಿಸಿದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯಮ ವಯಸ್ಸು 53, ಉಳಿದ ದೇಶಗಳವರಿಗೆ ಸುಮಾರು 59. ಅಂದರೆ ಮಕ್ಕಳ ಓದು, ಮದುವೆ ಮುಗಿಯುವ ಮೊದಲೇ ಮನೆಯ ಆಧಾರ ಕುಸಿಯುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕರ್ನಾಟಕವೇ ಬೆಚ್ಚಿತು. ತಾಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಸರಕಾರಿ ಯೋಜನೆ 2023ರಲ್ಲಿ ಅವರ ಹೆಸರಿನಲ್ಲಿ ಆರಂಭವಾಯಿತು. ಲಕ್ಷ ರೂಪಾಯಿ ದಾಟಿದ್ದ ಔಷಧ ಲೇಪಿತ ಸ್ಟೆಂಟ್‌ನ ಬೆಲೆಗೆ ಕೇಂದ್ರ ಸರಕಾರ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು. ಇವೆಲ್ಲ ಬೇಕಾದವೇ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡಾಗ, ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಆಗ ನಾಳ ತೆರೆಯುವ ಚಿಕಿತ್ಸೆ ಜೀವ ಉಳಿಸುತ್ತದೆ. ಆದರೆ ಸ್ಥಿರವಾಗಿರುವ ಹೃದ್ರೋಗಿಗಳ ಮೇಲೆ ನಡೆದ, 2019ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಒಳ್ಳೆಯ ಔಷಧ ಮತ್ತು ಜೀವನಕ್ರಮದ ಜತೆಗೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ಸಾವಿನ ಪ್ರಮಾಣ ಇಳಿಯಲಿಲ್ಲ. ಎದೆನೋವು ತಗ್ಗಿತು ಅಷ್ಟೆ. ಸ್ಟೆಂಟ್ ಹಾಕಿಸಿಕೊಂಡ ಮೇಲೂ ಮಾತ್ರೆ ಮತ್ತು ಪಥ್ಯ ತಪ್ಪುವುದಿಲ್ಲ ಎಂಬುದನ್ನು ಮರೆಯಬಾರದು.

ಜೀವನಶೈಲಿ ಎಂದೊಡನೆ ರೋಗಿಯನ್ನೇ ದೂರುವ ಚಾಳಿ ನಮ್ಮಲ್ಲಿದೆ. ನಾರ್ತ್ ಕರೇಲಿಯಾ ಕಲಿಸುವ ಪಾಠ ಬೇರೆಯೇ. ಅಲ್ಲಿ ಬದಲಾದದ್ದು ಇಡೀ ಊರು. ನಮ್ಮ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಲು ಒಂದು ದಾರಿ ಎಷ್ಟು ಊರುಗಳಲ್ಲಿದೆ? ಮದುವೆ, ಜಾತ್ರೆ, ಇಫ್ತಾರ್ ಊಟಗಳಲ್ಲಿ ಎಣ್ಣೆ, ಉಪ್ಪು ಕಡಿಮೆ ಮಾಡೋಣ ಎಂದು ಎಷ್ಟು ಸಮಿತಿಗಳು ತೀರ್ಮಾನಿಸಿವೆ? ಆಪರೇಷನ್‌ಗೆಂದು ಊರವರಿಂದ ಚಂದಾ ಎತ್ತುವ ನಾವು, ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಶಿಬಿರವನ್ನೂ ಅದೇ ಉತ್ಸಾಹದಿಂದ ನಡೆಸಬಹುದು. ಅದಕ್ಕೆ ಒಂದು ಸ್ಟೆಂಟ್‌ನಷ್ಟೂ ಖರ್ಚಾಗಲಾರದು.